ಮೈಕ್ ಮುಂದೆ ನಿಲ್ಲೋಕೆ ಶಿಫಾರಸು ಬೇಡ, ಅರ್ಜಿ ಸಾಕು!

ದಾವಣಗೆರೆ: ಮಂಡಿಪೇಟೆಯ ಅಂಗಡಿಗಳಿಗೆ ಹೋಗಿ ನೋಡಿ. ವ್ಯಾಪಾರ ಕನ್ನಡದಲ್ಲಿ, ಚೌಕಾಸಿ ಕನ್ನಡದಲ್ಲಿ, ಉದ್ರಿ ಕೇಳೋದು ಕನ್ನಡದಲ್ಲಿ, 'ಉದ್ರಿ ನಾಳೆ' ಅನ್ನೋ ಬೋರ್ಡೂ ಕನ್ನಡದಲ್ಲಿ. ಎಲ್ಲಾ ಮುಗಿದ ಮೇಲೆ ಕೊರ್ ಕೊರ್ ಅಂತ ಮಿಷಿನ್ನಿನ ಬಾಯಿಂದ ಹೊರಬರುವ ಬಿಲ್ಲು ಮಾತ್ರ ಬಹುಪಾಲು ಕಡೆ ಇಂಗ್ಲಿಷಿನಲ್ಲಿ! ತೊಗರಿಬೇಳೆ ತಗೊಂಡ ಅಜ್ಜಿ 'ಟೂರ್ ದಾಲ್' ಅಂತ ಬರೆದದ್ದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋಗಬೇಕು. ಅದರಲ್ಲಿ ಏನಿದೆ ಅಂತ ಮನೆಗೆ ಹೋಗಿ ಮೊಮ್ಮಗನ ಕೈಲಿ ಓದಿಸಬೇಕು. ಬೇಳೆ ಒಂದು ಕೆಜಿಯೋ ಒಂದೂವರೆಯೋ ಎಂಬ ತಕರಾರು ಬಂದರೆ ಮೊಮ್ಮಗ ಶಾಲೆಯಿಂದ ಬರೋತನಕ ಕಾಯಬೇಕು.

ಯಾಕ್ರೀ ಹೀಗೆ ಅಂತ ಮಿಷಿನ್ ಮಾರಿದವರನ್ನು ಕೇಳಿ. 'ಕನ್ನಡ ಸಪೋರ್ಟ್ ಇಲ್ಲ ಸಾರ್' ಅಂತ ಒಂದೇ ಮಾತು. ಅಲ್ಲಿಗೆ ಮುಗೀತು.

ಅಲ್ಲಿಗೆ ಮುಗಿಯಬೇಕಿಲ್ಲ ಅನ್ನೋದೇ ಈ ಬರಹದ ವಿಷಯ. ಅಂಗಡಿಯ ಈ ಪುಟ್ಟ ತಕರಾರಿಗೂ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನ ವೇದಿಕೆಗೂ ಒಂದು ದಾರಿ ಇದೆ. ಆ ದಾರಿಯ ಬಾಗಿಲಲ್ಲಿ ಮಂತ್ರಿಯ ಪಿ.ಎ. ಇಲ್ಲ, ಸಂಘದ ಅಧ್ಯಕ್ಷರಿಲ್ಲ. ಇರೋದು ಒಂದು ಅರ್ಜಿ ನಮೂನೆ ಮಾತ್ರ. ಅದನ್ನು ತುಂಬೋದು ಹೇಗೆ ಅಂತ ಜಿಲ್ಲೆಯ ಹುಡುಗ ಹುಡುಗಿಯರಿಗೆ ಹೇಳಿಕೊಡುವವರು ಸಿಗೋದೇ ಅಪರೂಪ. ಊರಿನ ತುಂಬ ಇಂಜಿನಿಯರಿಂಗ್ ಕಾಲೇಜುಗಳಿದ್ದೂ ಇದು ಪರಿಸ್ಥಿತಿ!

ಇದು ಯಾರ ಜಾತ್ರೆ?

ಸಾಫ್ಟ್‌ವೇರ್ ಸಮ್ಮೇಳನ ಅಂದ ಕೂಡಲೇ ಕೋಟು ಟೈ ಕಟ್ಟಿದ ಕಂಪನಿ ದೊರೆಗಳು, ದೊಡ್ಡ ಹೋಟೆಲು, ಸಾವಿರಾರು ರೂಪಾಯಿ ಟಿಕೆಟ್ಟು ನೆನಪಾಗುತ್ತದೆ. ಅಂಥವೂ ಇವೆ. ಇಲ್ಲಿ ಹೇಳುತ್ತಿರೋದು ಅವಲ್ಲ.

ಬೆಣ್ಣೆದೋಸೆ ಹೋಟೆಲಿನವನೊಬ್ಬ ತನ್ನ ಹಿಟ್ಟಿನ ಲೆಕ್ಕವನ್ನು ಬಾಗಿಲಲ್ಲೇ ಬರೆದು ಹಾಕುತ್ತಾನೆ ಅಂದುಕೊಳ್ಳಿ. ಯಾರು ಬೇಕಾದರೂ ಓದಬಹುದು, ಮಾಡಿ ನೋಡಬಹುದು, ಇನ್ನೂ ಚೆನ್ನಾಗಿ ಮಾಡಿ ಮಾರಲೂಬಹುದು. ಉತ್ತಮಪಡಿಸಿದ್ದನ್ನು ಮತ್ತೆ ಬಾಗಿಲಲ್ಲಿ ಬರೆದರೆ ಎಲ್ಲರಿಗೂ ಲಾಭ. ಇದೇ ರೀತಿ ಗುಟ್ಟು ಮುಚ್ಚಿಡದೆ ಬರೆದ ಸಾಫ್ಟ್‌ವೇರ್ ಒಂದು ದೊಡ್ಡ ರಾಶಿಯೇ ಜಗತ್ತಿನಲ್ಲಿದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಲಿನಕ್ಸ್ ಇಂಥದ್ದು. ಗಲ್ಲಾದ ಮೇಲೆ ಕೂತಿರುವ ನಿಮ್ಮ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರೋದೂ ಅದೇ. ಅದೇ ವರ್ಷ ಹಾಲೆಂಡಿನ ಗೀಡೋ ವಾನ್ ರಾಸಮ್ ಹೊರತಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯೂ ಇಂಥದ್ದೇ. (ಪೈಥಾನ್ ಅಂದರೆ ಹೆಬ್ಬಾವು ಅಂತ ಹೆದರಬೇಡಿ. ಬಿಬಿಸಿ ಟಿವಿಯಲ್ಲಿ ಬರುತ್ತಿದ್ದ 'ಮಾಂಟಿ ಪೈಥಾನ್' ಎಂಬ ನಗೆ ಕಾರ್ಯಕ್ರಮದ ಹೆಸರನ್ನು ಆ ಪುಣ್ಯಾತ್ಮ ಇಟ್ಟದ್ದು!)

ಇವನ್ನು ಬಳಸುವವರು, ರಿಪೇರಿ ಮಾಡುವವರು, ಪಾಠ ಹೇಳುವವರು ವರ್ಷಕ್ಕೊಮ್ಮೆ ಸೇರುವುದೇ ಸಮುದಾಯ ಸಮ್ಮೇಳನ. ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ಬೆಂಗಳೂರಿಗೆ ಇದು ಹೊಸದೇನಲ್ಲ. 2001ರಲ್ಲೇ 'ಲಿನಕ್ಸ್ ಬೆಂಗಳೂರ್' ಎಂಬ ಸಮ್ಮೇಳನ ಶುರುವಾಯಿತು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿತು. ಅತುಲ್ ಚಿಟ್ನಿಸ್ ಮತ್ತು ಅವರ ಬಳಗ ಅದನ್ನು 2012ರವರೆಗೆ ನಡೆಸಿಕೊಂಡು ಬಂತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಅತ್ತ 2009ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಆವರಣದಲ್ಲಿ ಮೊದಲ 'ಪೈಕಾನ್ ಇಂಡಿಯಾ' ಸೇರಿತು. ಆಮೇಲೆ ಅದು ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಅಂತ ಊರೂರು ಸುತ್ತಿತು. ಕೊರೊನಾ ಕಾಲದಲ್ಲಿ ಕಂಪ್ಯೂಟರ್ ಪರದೆ ಮೇಲೇ ನಡೆಯಿತು. 2024 ಮತ್ತು 2025ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ನಿಮ್ಹಾನ್ಸ್ ಸಭಾಂಗಣದಲ್ಲಿ ಸೇರಿತು. ಹೊರದೇಶದ್ದು ಹೇಳಬೇಕೆಂದರೆ ಬೆಲ್ಜಿಯಂನ ಬ್ರಸೆಲ್ಸ್ ವಿಶ್ವವಿದ್ಯಾಲಯದಲ್ಲಿ 2000ದಿಂದ ನಡೆದು ಬಂದಿರುವ 'ಫಾಸ್ಡೆಮ್'. ಸಾವಿರಾರು ಜನ. ಟಿಕೆಟ್ಟಿಲ್ಲ, ಹೆಸರು ನೋಂದಾಯಿಸುವುದೂ ಇಲ್ಲ. ನಮ್ಮ ದುಗ್ಗಮ್ಮನ ಜಾತ್ರೆಗೆ ಹೋದ ಹಾಗೆ ಹೋಗಿ ಬರಬಹುದು.

ಕವಿಗೋಷ್ಠಿ ಅಲ್ಲ ಇದು

ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಗೆ ಹೆಸರು ಸೇರಿಸಬೇಕಾದರೆ ಯಾರ ಮನೆ ಬಾಗಿಲಿಗೆ ಎಷ್ಟು ಸಲ ಹೋಗಬೇಕು ಅಂತ ಬರೆಯುವವರಿಗೆಲ್ಲ ಗೊತ್ತು. ಆಹ್ವಾನ ಪತ್ರಿಕೆ ಅಚ್ಚಾದ ಮೇಲೂ ಎರಡು ಹೆಸರು ಪೆನ್ನಿನಲ್ಲಿ ಸೇರುವುದುಂಟು.

ಇಲ್ಲಿನ ರಿವಾಜೇ ಬೇರೆ. ಸಮ್ಮೇಳನಕ್ಕೆ ತಿಂಗಳುಗಳ ಮುಂಚೆ 'ಭಾಷಣ ಮಾಡಲು ಇಷ್ಟವಿರುವವರು ಅರ್ಜಿ ಹಾಕಿ' ಅಂತ ಬಹಿರಂಗ ಕರೆ ಹೊರಡುತ್ತದೆ. ಯಾರು ಬೇಕಾದರೂ ಹಾಕಬಹುದು. ಡಿಗ್ರಿ ಕೇಳೋದಿಲ್ಲ, ಕಂಪನಿ ಲೆಟರ್‌ಹೆಡ್ ಕೇಳೋದಿಲ್ಲ, ವಯಸ್ಸು ಎಷ್ಟು ಅಂತಲೂ ಕೇಳೋದಿಲ್ಲ. ಅರ್ಜಿ ಹಾಕಲು ಫೀಸಿಲ್ಲ. ಹಣ ಕೊಡುವ ಕಂಪನಿಗಳಿಗೆ ಹೊರಗೆ ಅಂಗಳದಲ್ಲಿ ಸ್ಟಾಲು, ಬ್ಯಾನರು ಸಿಗಬಹುದು. ಆದರೆ 'ನಮ್ಮ ಮಾಲು ಕೊಳ್ಳಿ' ಎಂಬ ಭಾಷಣಕ್ಕೆ ಅರ್ಜಿ ಹಾಕಿದರೆ ಅದು ಮೊದಲ ಸುತ್ತಿನಲ್ಲೇ ಬುಟ್ಟಿಗೆ.

ಹೀಗಂದ ಮಾತ್ರಕ್ಕೆ ಸುಲಭ ಅಂತಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ 2014ರ ಪೈಕಾನ್‌ಗೆ 600ಕ್ಕೂ ಮೀರಿ ಅರ್ಜಿಗಳು ಬಂದಿದ್ದವು. ಇದ್ದ ಜಾಗ ನೂರರ ಆಸುಪಾಸು. ಆರರಲ್ಲಿ ಐದು ಮಂದಿಗೆ 'ಕ್ಷಮಿಸಿ' ಎಂಬ ಕಾಗದ!

ಒಡೆದು ಹೋದ ಎಣ್ಣೆ

ಇರಲಿ, ನಮ್ಮೂರಿನ ವಿಷಯಕ್ಕೆ ಬರೋಣ. ಮಂಡಿಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಇದ್ದಾನೆ ಅಂತ ಇಟ್ಕೊಳ್ಳಿ. ಕಾಲೇಜು ಅರ್ಧಕ್ಕೆ ಬಿಟ್ಟವನು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರ್ ಮುಂದೆ ಕೂರುವ ಹುಚ್ಚು. ಒಂದು ದಿನ ಸಾಹುಕಾರರು ಕೇಳುತ್ತಾರೆ.

'ಏ ತಮ್ಮಾ, ಈ ಬಿಲ್ಲು ಕನ್ನಡದಾಗೆ ಬರಂಗೆ ಮಾಡಾಕೆ ಆಗ್ತೈತೇನೋ?'

'ನೋಡ್ತೀನಿ ಸಾವ್ಕಾರ್ರೇ.'

ನೋಡಿದರೆ ಗಂಟು ಗಂಟು. ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರಿಗೆ ಶಾಯಿ ಇಲ್ಲ, ರಿಬ್ಬನ್ ಇಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ, ಅಷ್ಟೆ. ಕಂಪ್ಯೂಟರಿನಿಂದ 'ಎ' ಅಂತ ಕಳಿಸಿದರೆ ಪ್ರಿಂಟರ್ ತನ್ನೊಳಗೇ ಕೆತ್ತಿಟ್ಟುಕೊಂಡ 'ಎ' ಅಚ್ಚನ್ನು ತೆಗೆದು ಒತ್ತುತ್ತದೆ. ಆ ಅಚ್ಚಿನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಇದೆ, ಯೂರೋಪಿನ ಒಂದಷ್ಟು ಅಕ್ಷರಗಳಿವೆ, ಕೆಲವಕ್ಕೆ ಚೀನಿಯೂ ಇದೆ. ಕನ್ನಡದ ಮೊಳೆ ಸಾಮಾನ್ಯವಾಗಿ ಇರೋದಿಲ್ಲ. ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ, ಇಲ್ಲವೇ ಅರ್ಥವಿಲ್ಲದ ಗೀಚು.

ಹುಡುಗ ಬುದ್ಧಿ ಓಡಿಸುತ್ತಾನೆ. ಅಕ್ಷರ ಕಳಿಸಿದರೆ ತಾನೇ ಈ ರಗಳೆ? ಇಡೀ ಬಿಲ್ಲನ್ನು ಒಂದು ಚಿತ್ರ ಮಾಡಿ ಕಳಿಸಿದರೆ? ಎರಡಿಂಚು ಅಂತ ಅಂಗಡಿಯವರು ಕರೆಯುವ 58 ಮಿಲಿಮೀಟರಿನ ಕಾಗದದ ಮೇಲೆ ಅಡ್ಡಕ್ಕೆ 384 ಚುಕ್ಕೆ ಬೀಳುತ್ತವೆ. ಹಬ್ಬದ ರಂಗೋಲಿ ಹಾಕಿದ ಹಾಗೆ ಯಾವ ಚುಕ್ಕೆ ಕಪ್ಪು, ಯಾವುದು ಬಿಳಿ ಅಂತ ಹೇಳಿಬಿಟ್ಟರೆ ಆಯಿತು. ಪ್ರಿಂಟರಿಗೆ ಕನ್ನಡ ಬರಬೇಕಾದ ಅಗತ್ಯವೇ ಇಲ್ಲ.

ಪೈಥಾನಿನಲ್ಲಿ ಪಿಲ್ಲೋ ಎಂಬ ಬಿಟ್ಟಿ ಸಾಮಗ್ರಿ ಸಿಗುತ್ತದೆ. ಚಿತ್ರ ಬರೆಯೋದಕ್ಕೆ. ಅದನ್ನು ತಂದು ಬರೆಸುತ್ತಾನೆ. ಬಿಲ್ಲು ಬರುತ್ತದೆ. ಆದರೆ 'ಎಣ್ಣೆ' ಹೋಗಿ 'ಎಣ್‌ಣೆ' ಆಗಿದೆ! 'ಅಕ್ಕಿ' ಹೋಗಿ 'ಅಕ್‌ಕಿ'. ಖರ್ಜೂರದ ಅರ್ಕಾವೊತ್ತು ಎಲ್ಲಿಗೋ ಹೋಗಿದೆ. ಕಾರಣ ಏನಪ್ಪಾ ಅಂದರೆ, ಕಂಪ್ಯೂಟರಿನ ಒಳಗೆ 'ಎಣ್ಣೆ'ಯನ್ನು ಬಿಡಿ ಬಿಡಿಯಾಗಿ ಇಟ್ಟಿರುತ್ತಾರೆ. ಎ, ಆಮೇಲೆ ಣ, ಆಮೇಲೆ ಅದರ ಸ್ವರ ಕೊಲ್ಲುವ ಚಿಹ್ನೆ, ಮತ್ತೊಂದು ಣ, ಕೊನೆಗೆ ಏತ್ವ. ಇವನ್ನು ಕೂಡಿಸಿ ಒತ್ತಕ್ಷರವನ್ನು ಕೆಳಗೆ ಕೂರಿಸುವ ಕೆಲಸಕ್ಕೆ ಬೇರೆಯೇ ಒಬ್ಬ ಕಂಪಾಸಿಟರ್ ಬೇಕು. ಹಾರ್ಫ್‌ಬಜ್ ಅಂತ ಅದರ ಹೆಸರು. ಅದೂ ಬಿಟ್ಟಿ. ಅದನ್ನೂ ಪಿಲ್ಲೋವನ್ನೂ ಸೇರಿಸುವ ಕೊಂಡಿ ರಾಕಮ್. ಆ ಕೊಂಡಿ ಇಲ್ಲದಿದ್ದರೆ ಪಿಲ್ಲೋ ತಕರಾರೇನೂ ಮಾಡದೆ ಒಡೆದ ಅಕ್ಷರವನ್ನೇ ಬರೆದು ಕೊಡುತ್ತದೆ. ಇಂಗ್ಲಿಷಿನವರಿಗೆ ಇದು ಗೊತ್ತೇ ಆಗೋದಿಲ್ಲ. ಅವರಿಗೆ ಒತ್ತಕ್ಷರದ ಗೊಡವೆ ಇಲ್ಲವಲ್ಲ!

ಅದು ಸರಿಯಾದ ಮೇಲೆ ಇನ್ನೊಂದು. ಇಂಗ್ಲಿಷಿನ ಬಿಲ್ಲಿನಲ್ಲಿ ಪ್ರತಿ ಅಕ್ಷರವೂ ಒಂದೇ ಅಗಲ, ಸಾಲಿಗೆ 32. ಎಣಿಸಿ ಖಾಲಿ ಜಾಗ ಬಿಟ್ಟರೆ ದರದ ಸಾಲು ನೆಟ್ಟಗೆ ನಿಲ್ಲುತ್ತದೆ. ಕನ್ನಡದಲ್ಲಿ 'ರ'ಕ್ಕೂ 'ಖಾ'ಕ್ಕೂ ಅಗಲ ಒಂದೇನಾ? ಎಣಿಸಿದರೆ ದರವೆಲ್ಲ ಹಾವಿನ ಹಾಗೆ ಹರಿದಾಡುತ್ತದೆ. ಚುಕ್ಕೆ ಲೆಕ್ಕದಲ್ಲೇ ಅಳೆದು ಬಲಕ್ಕೆ ಒತ್ತಬೇಕು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟರೆ ಬಿಲ್ಲು ಉದ್ದವಾಗುತ್ತದೆ. 'ಕಾಗದ ಯಾರಪ್ಪನ ಮನೇದು?' ಅಂತ ಸಾಹುಕಾರರು ಗದರುತ್ತಾರೆ. ಚಿತ್ರವಾದ್ದರಿಂದ ಮಿಷಿನ್ ನಿಧಾನ. ಸಂಜೆ ಆರರ ಗಿರಾಕಿಗಳ ಗಲಾಟೆಯಲ್ಲಿ ಎರಡು ಸೆಕೆಂಡೂ ಹೆಚ್ಚೇ.

ಇಷ್ಟೆಲ್ಲ ಗುದ್ದಾಡಿ ಹುಡುಗ ಗೆಲ್ಲುತ್ತಾನೆ. ಆಮೇಲೆ? ಅವನ ವಿದ್ಯೆ ಆ ಒಂದು ಅಂಗಡಿಯ ಒಂದು ಕಂಪ್ಯೂಟರಿನಲ್ಲಿ ಕೊಳೆಯುತ್ತದೆ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ದಿನ, ಅಥವಾ ಆ ಕಂಪ್ಯೂಟರ್ ಕೆಟ್ಟ ದಿನ, ಬಿಲ್ಲು ಮತ್ತೆ ಇಂಗ್ಲಿಷಿಗೆ. ಹರಿಹರದ ಅಂಗಡಿಯವನು ಇದೇ ಗುದ್ದಾಟವನ್ನು ಮೊದಲಿಂದ ಮಾಡಬೇಕು. ಇಲ್ಲವೇ ಯಾವನೋ ಜಾಣ ಇದನ್ನೇ ಡಬ್ಬಿಗೆ ಹಾಕಿ, ಬೀಗ ಜಡಿದು, ವರ್ಷಕ್ಕಿಷ್ಟು ಬಾಡಿಗೆ ಅಂತ ಇದೇ ಮಂಡಿಪೇಟೆಗೆ ತಂದು ಮಾರುತ್ತಾನೆ.

ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಸಿಕ್ಕಿದ್ದು ಯಾರೋ ದಾನ ಕೊಟ್ಟದ್ದರಿಂದಲ್ಲ. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಮಾಡಿದರು. 1998ರಲ್ಲಿ ಶೇಷಾದ್ರಿವಾಸು 'ಬರಹ' ತಂದರು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶಕ್ಕಾಗಿ ಗಂಟಲು ಹರಿದುಕೊಂಡರು. ಇಂಥವರಿಂದ ಸಿಕ್ಕ ಜಾಗ ಅದು. ಮಂಡಿಪೇಟೆ ಹುಡುಗನ ಬಿಲ್ಲು ಅದೇ ಸಾಲಿನ ಇನ್ನೊಂದು ಸಣ್ಣ ಮೊಳೆ. ಅದನ್ನು ನಾಲ್ಕು ಜನರ ಮುಂದೆ ಇಡಬೇಕು. ಇಡೋದು ಹೇಗೆ ಅನ್ನೋದೇ ಪ್ರಶ್ನೆ.

ಅರ್ಜಿಯ ಖಾನೆಗಳು

ಅರ್ಜಿ ನಮೂನೆ ರೇಷನ್ ಕಾರ್ಡಿನ ಅರ್ಜಿಯಷ್ಟು ಉದ್ದವೂ ಇಲ್ಲ. ತಲೆಬರಹ, ಸಾರಾಂಶ, ಅರ್ಧ ಗಂಟೆಯಲ್ಲಿ ಏನೇನು ಹೇಳುತ್ತೀರಿ ಎಂಬ ವಿವರ, ಕೇಳುವವರಿಗೆ ಮುಂಚೆ ಏನು ಗೊತ್ತಿರಬೇಕು, ನೀವು ಯಾರು. ಹೆಚ್ಚುಕಮ್ಮಿ ಎಲ್ಲಾ ಕಡೆ ಇಷ್ಟೇ. ಎಡವೋದು ಇಷ್ಟರಲ್ಲೇ.

ತಲೆಬರಹದಲ್ಲೇ ಅರ್ಧ ಜನ ಸಾಯುತ್ತಾರೆ. 'ಗಣಕ ಯುಗದಲ್ಲಿ ಭಾರತೀಯ ಭಾಷೆಗಳು: ಒಂದು ಸಮಗ್ರ ಅವಲೋಕನ' ಅಂತ ಬರೆದರೆ ವಿಚಾರ ಸಂಕಿರಣಕ್ಕೆ ಸರಿ, ಊಟದ ನಂತರದ ನಿದ್ದೆಗೆ ಇನ್ನೂ ಸರಿ. 'ಕಿರಾಣಿ ಬಿಲ್ಲಿನಲ್ಲಿ ಎಣ್ಣೆ ಯಾಕೆ ಒಡೆಯುತ್ತದೆ?' ಅಂತ ಬರೆದು ನೋಡಿ. ತಮಿಳಿನವನೂ ಮಲಯಾಳದವನೂ ಬಂಗಾಳದವನೂ ಕಿವಿ ನೆಟ್ಟಗೆ ಮಾಡುತ್ತಾರೆ. ಯಾಕೆಂದರೆ ಅವರ ಊರಿನ ಬಿಲ್ಲೂ ಹೀಗೆಯೇ ಒಡೆದಿರುತ್ತದೆ.

ಸಾರಾಂಶ ಬರೆಯುವಾಗ ನಮ್ಮವರಿಗೆ ಪೀಠಿಕೆಯ ಚಟ. ಕಂಪ್ಯೂಟರ್ ಎಂಬುದು ಆಧುನಿಕ ಜಗತ್ತಿನ ಅವಿಭಾಜ್ಯ ಅಂಗ ಅಂತ ಶುರು ಮಾಡಿ ವಿಷಯಕ್ಕೆ ಬರುವಷ್ಟರಲ್ಲಿ ಖಾನೆ ತುಂಬಿರುತ್ತದೆ. ಪರಿಶೀಲಕರ ಮುಂದೆ ನೂರಾರು ಅರ್ಜಿಗಳ ಕಟ್ಟು ಇರುತ್ತದೆ. ಸಂಬಳವಿಲ್ಲದ ಕೆಲಸ, ರಾತ್ರಿ ಹೊತ್ತು ಓದೋದು. ಮೊದಲ ಎರಡು ಸಾಲಿನಲ್ಲೇ ತೊಂದರೆ ಏನು, ನೀವು ಮಾಡಿದ್ದೇನು, ಕೇಳಿ ಎದ್ದು ಹೋಗುವವನ ಕೈಗೆ ಸಿಗೋದೇನು ಅಂತ ಇದ್ದರೆ ಅವರು ಬದುಕಿಕೊಂಡರು. ಈಚೆಗೆ ಇನ್ನೊಂದು ಕಾಟ ಸೇರಿದೆ. ಎಐಗೆ ಹೇಳಿ ಬರೆಸಿದ ಅರ್ಜಿಗಳು! ಮದುವೆ ಕರೆಯೋಲೆ ಹಾಗೆ ಎಲ್ಲವೂ ಒಂದೇ ಅಚ್ಚು, ಹೆಸರು ಮಾತ್ರ ಬೇರೆ. ಅಂಥ ರಾಶಿಯ ನಡುವೆ 'ಸಾಹುಕಾರರು ಕಾಗದ ಜಾಸ್ತಿ ಖರ್ಚಾಯ್ತು ಅಂತ ಬೈದರು' ಎಂಬ ಒಂದು ನಿಜವಾದ ಸಾಲು ದೀಪದ ಹಾಗೆ ಕಾಣುತ್ತದೆ.

ವಿವರದ ಖಾನೆಗೆ ನಿಮಿಷದ ಲೆಕ್ಕ ಕೊಡಬೇಕು. ಮೊದಲ ಮೂರು ನಿಮಿಷ ಬಿಲ್ಲು ತೋರಿಸುವುದು. ಏಳು ನಿಮಿಷ ಅಕ್ಷರ ಯಾಕೆ ಒಡೆಯಿತು. ಹತ್ತು ನಿಮಿಷ ಕೂಡಿಸಿದ್ದು ಹೇಗೆ, ವೇದಿಕೆ ಮೇಲೇ ಪ್ರಿಂಟ್ ತೆಗೆದು ತೋರಿಸುವುದು. ಐದು ನಿಮಿಷ ಏನು ಕೈಕೊಟ್ಟಿತು ಎಂಬ ಮಾತು. ಉಳಿದದ್ದು ಪ್ರಶ್ನೆಗೆ. ಹೀಗೆ ಬರೆದರೆ ಈ ಮನುಷ್ಯನಿಗೆ ಗಡಿಯಾರ ನೋಡೋದು ಗೊತ್ತು ಅಂತ ನಂಬಿಕೆ ಹುಟ್ಟುತ್ತದೆ. ನಮ್ಮ ಸಭೆಗಳಲ್ಲಿ ಈ ನಂಬಿಕೆ ಯಾರ ಮೇಲೂ ಹುಟ್ಟದಿರುವುದು ಬೇರೆ ಮಾತು.

ಬರೆದ ಪ್ರೋಗ್ರಾಮನ್ನು ಎಲ್ಲರಿಗೂ ಸಿಗುವ ಹಾಗೆ ತೆರೆದಿಟ್ಟು, ಅದರ ವಿಳಾಸವನ್ನೂ ಅರ್ಜಿಯಲ್ಲಿ ಕೊಟ್ಟರೆ ತೂಕ ಹೆಚ್ಚು. ಬಾಗಿಲಲ್ಲಿ ಹಿಟ್ಟಿನ ಲೆಕ್ಕ ಬರೆಯದೆ ದೋಸೆಯ ಬಗ್ಗೆ ಭಾಷಣ ಮಾಡಿದರೆ ಈ ಜನ ಒಪ್ಪೋದಿಲ್ಲ.

ಇನ್ನು 'ನೀವು ಯಾರು' ಎಂಬ ಖಾನೆ. ಸಣ್ಣ ಊರಿನವರ ಕೈ ನಡುಗೋದು ಇಲ್ಲೇ. ಹಾಕಿಕೊಳ್ಳಲು ದೊಡ್ಡ ಕಂಪನಿಯ ಹೆಸರಿಲ್ಲ, ಡಿಗ್ರಿಯೂ ಅರ್ಧ. 'ದಾವಣಗೆರೆಯ ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ದಿನಾ ನೂರಾರು ಬಿಲ್ಲು ತೆಗೆಯುತ್ತೇನೆ' ಅಂತ ಇದ್ದದ್ದನ್ನು ಬರೆದರೆ ಸಾಕು. ಥರ್ಮಲ್ ಪ್ರಿಂಟರಿನ ಬಗ್ಗೆ ಮಾತಾಡಲು ಇದಕ್ಕಿಂತ ದೊಡ್ಡ ಡಿಗ್ರಿ ಯಾವ ಯೂನಿವರ್ಸಿಟಿ ಕೊಡುತ್ತದೆ?

ಕೋಡ್ ನಂಬರ್ ಹಾಕಿದ ಪೇಪರ್

ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವಾಗ ಯಾರ ಮಗನದ್ದು ಅಂತ ತಿದ್ದುವವರಿಗೆ ಗೊತ್ತಾಗಬಾರದು ಅಂತ ನಂಬರ್ ಹಾಕುತ್ತಾರಲ್ಲ, ಅದೇ ಪದ್ಧತಿಯನ್ನು ಅಮೆರಿಕದ ಪೈಕಾನ್ ಸಮ್ಮೇಳನದವರು ತಂದಿದ್ದಾರೆ. ಮೊದಲ ಸುತ್ತಿನಲ್ಲಿ ಪರಿಶೀಲಕರಿಗೆ ಅರ್ಜಿದಾರರ ಹೆಸರು ಕಾಣೋದಿಲ್ಲ, ವಿಷಯ ಮಾತ್ರ ಕಾಣುತ್ತದೆ. ಪೈಕಾನ್ ಇಂಡಿಯಾದವರ ದಾರಿ ಇನ್ನೊಂದು. ಬಂದ ಅರ್ಜಿಗಳನ್ನೇ ಎಲ್ಲರೂ ಓದುವಂತೆ ತೆರೆದಿಟ್ಟು, ಓದಿದವರು ಮೆಚ್ಚುಗೆ ಹಾಕಲು, ಪ್ರಶ್ನೆ ಕೇಳಲು ಅವಕಾಶ ಕೊಟ್ಟು, ಆಮೇಲೆ ಸಮಿತಿ ಆಯ್ಕೆ ಮಾಡುವ ರೂಢಿ ಬೆಳೆಸಿದರು. ಎರಡಕ್ಕೂ ಒಂದೊಂದು ಗುಣ ಒಂದೊಂದು ದೋಷ. ಹೆಸರು ಮುಚ್ಚಿದರೆ ಹೆಸರುವಾಸಿಗಳ ಪ್ರಭಾವ ಇಳಿಯುತ್ತದೆ. ತೆರೆದಿಟ್ಟರೆ ಹೊಸಬರು ಹಳಬರ ಅರ್ಜಿ ಓದಿ ಕಲಿಯಬಹುದು. ಆದರೆ ಗೆಳೆಯರ ಗುಂಪು ದೊಡ್ಡದಿದ್ದವನಿಗೆ ಮೆಚ್ಚುಗೆ ಜಾಸ್ತಿ ಬೀಳುವ ಅಪಾಯ ಇದ್ದೇ ಇದೆ.

ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಒಳಗೆ ಬರುತ್ತಾರೆ ಅಂತಲೂ ಇಲ್ಲ. 2011ರ ಅಮೆರಿಕದ ಪೈಕಾನ್‌ನಲ್ಲಿ ಹೆಂಗಸರು ಮಾಡಿದ ಭಾಷಣ ನೂರಕ್ಕೆ ಒಂದು! ಬರಬೇಡಿ ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ. ಅರ್ಜಿಯೇ ಬರುತ್ತಿರಲಿಲ್ಲ. ಆಗ ಜೆಸ್ಸಿಕಾ ಮೆಕೆಲ್ಲರ್ ಮುಂತಾದ ಕಾರ್ಯಕರ್ತರು ಗೊತ್ತಿದ್ದ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಿಡಿದು, 'ನೀವು ಮಾಡಿದ ಕೆಲಸದ ಬಗ್ಗೆ ಅರ್ಜಿ ಹಾಕಿ' ಅಂತ ಕೇಳತೊಡಗಿದರು. 2014ರ ಹೊತ್ತಿಗೆ ನೂರಕ್ಕೆ 33, 2016ಕ್ಕೆ ನೂರಕ್ಕೆ 40. ನಮ್ಮ ಊರುಗಳಲ್ಲಿ ಹೀಗೆ ಹಿಡಿದು ಕೇಳುವವರು ಯಾರು? ಕಾಲೇಜಿನ ಮೇಷ್ಟ್ರುಗಳು ಕೇಳಬಹುದು. ಪ್ಲೇಸ್‌ಮೆಂಟ್ ಮೇಳದ ಬ್ಯಾನರ್ ಕಟ್ಟಿಸುವುದರಿಂದ ಪುರುಸೊತ್ತು ಸಿಕ್ಕರೆ.

ಭಾಷೆಯ ಪ್ರಶ್ನೆ ಬಿಡುವಂತಿಲ್ಲ. ಬೆಂಗಳೂರಿನಲ್ಲಿ ನಡೆದರೂ ಭಾಷಣ ಇಂಗ್ಲಿಷಿನಲ್ಲೇ ಎಂಬುದು ಇಂಥ ಸಮ್ಮೇಳನಗಳ ರೂಢಿ. ದೇಶದ ಎಲ್ಲಾ ಮೂಲೆಯವರು ಸೇರುವಾಗ ಅದಕ್ಕೊಂದು ಕಾರಣವಿದೆ, ಒಪ್ಪೋಣ. ಆದರೆ ಅಮೆರಿಕದ ಪೈಕಾನ್‌ನವರೇ 2018ರಲ್ಲಿ 'ಚಾರ್ಲಾಸ್' ಅಂತ ಸ್ಪ್ಯಾನಿಷ್ ಭಾಷಣಗಳಿಗೆ ಬೇರೆ ಕೋಣೆ ಕೊಟ್ಟರು. ಜಪಾನಿನಲ್ಲಿ ಜಪಾನಿಯಲ್ಲೇ ಅರ್ಜಿ ಹಾಕಬಹುದು. ಕರ್ನಾಟಕದ ನೆಲದಲ್ಲಿ ಸೇರಿದಾಗ ಅರ್ಧ ದಿನ ಒಂದು ಕೋಣೆಯನ್ನು ಕನ್ನಡಕ್ಕೆ ಬಿಡಿ ಅಂತ ಕೇಳಿದರೆ ಯಾರ ಗಂಟು ಹೋಗುತ್ತದೆ? ಕನ್ನಡ ಬಿಲ್ಲಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕಾದ ಪಾಡಿಗೆ ನಗಬೇಕೋ ಅಳಬೇಕೋ.

ಅಲ್ಲಿಯವರೆಗೆ ಹುಡುಗ ತನ್ನ ಇಂಗ್ಲಿಷಿಗೆ ಹೆದರಿ ಕೂರಬೇಕಾಗಿಲ್ಲ. ಸಣ್ಣ ವಾಕ್ಯ, ಗೊತ್ತಿರುವ ಪದ ಸಾಕು. ಇಂಗ್ಲಿಷ್ ತಾಯ್ನುಡಿಯಲ್ಲದ ಲಕ್ಷಾಂತರ ಜನರೇ ಈ ಸಾಫ್ಟ್‌ವೇರ್ ಬರೆದವರು. ಲಿನಕ್ಸ್ ಬರೆದವನ ಮನೆಮಾತು ಸ್ವೀಡಿಷ್, ಪೈಥಾನ್ ಬರೆದವನದ್ದು ಡಚ್. ಅವರಿಗಿಲ್ಲದ ಮುಜುಗರ ನಮಗೆ ಯಾಕೆ?

ವಾಪಸ್ ಬಂದ ಅರ್ಜಿ

ಬಹಳ ಸಲ ಉತ್ತರ 'ಈ ಸಲ ಆಗಲಿಲ್ಲ' ಅಂತಲೇ ಬರುತ್ತದೆ. ಒಂದೇ ವಿಷಯಕ್ಕೆ ನಾಲ್ಕು ಜನ ಅರ್ಜಿ ಹಾಕಿರಬಹುದು. ಜಾಗ ತುಂಬಿರಬಹುದು. ಪರಿಶೀಲಕನಿಗೇ ಒತ್ತಕ್ಷರದ ಕಷ್ಟ ಅರ್ಥವಾಗದೆ ಇದ್ದಿರಬಹುದು. ಅಂಥ ಹೊತ್ತಿನಲ್ಲಿ ಯಾಕೆ ಬಿಟ್ಟಿರಿ ಅಂತ ಮರ್ಯಾದೆಯಿಂದ ಕೇಳಿದರೆ ಎರಡು ಸಾಲು ಬರೆದು ತಿಳಿಸುವ ಪರಿಶೀಲಕರೂ ಇರುತ್ತಾರೆ. ಅದನ್ನು ಇಟ್ಟುಕೊಂಡು ತಿದ್ದಿ, ಬೇರೆ ಸಮ್ಮೇಳನಕ್ಕೆ ಹಾಕಬಹುದು. ಅದೇ ಅರ್ಜಿಯನ್ನು ಮೂರು ಕಡೆ ಹಾಕೋದು ಇಲ್ಲಿ ತಪ್ಪಲ್ಲ. ಹೆಣ್ಣು ನೋಡುವ ಶಾಸ್ತ್ರವೇನೂ ಅಲ್ಲವಲ್ಲ.

ಇನ್ನೊಂದು ಕಿಟಕಿ ಬಾಗಿಲೂ ಇದೆ. ಲೈಟ್ನಿಂಗ್ ಟಾಕ್, ಅಂದರೆ ಐದೇ ನಿಮಿಷದ ಭಾಷಣ. ಹೆಚ್ಚಿನ ಕಡೆ ಸಮ್ಮೇಳನದ ದಿನವೇ ಹೆಸರು ಕೊಡಬಹುದು. ಐದು ನಿಮಿಷ ಆದ ಕೂಡಲೇ ಮೈಕ್ ಕಿತ್ತುಕೊಳ್ಳುತ್ತಾರೆ, ಮುಲಾಜಿಲ್ಲ. ಒಡೆದ ಎಣ್ಣೆ ಬಿಲ್ಲು ಒಂದು, ಕೂಡಿದ ಎಣ್ಣೆ ಬಿಲ್ಲು ಒಂದು, ಎರಡನ್ನೂ ಪರದೆ ಮೇಲೆ ತೋರಿಸೋದಕ್ಕೆ ಐದು ನಿಮಿಷ ಧಾರಾಳ.

ಗಡುವು, ದುಡ್ಡು, ಬಸ್ಸು

ಗಡುವಿನ ವಿಷಯದಲ್ಲಿ ಒಂದು ಮೋಸ ಇದೆ. ಕೊನೇ ದಿನಾಂಕದ ಪಕ್ಕ 'ಎಒಇ' ಅಂತ ಬರೆದಿದ್ದರೆ ಭೂಮಿಯ ಯಾವ ಮೂಲೆಯಲ್ಲಾದರೂ ಆ ದಿನ ಮುಗಿಯದೆ ಇದ್ದರೆ ಸರಿ ಎಂದರ್ಥ. ನಮ್ಮ ಗಡಿಯಾರದಲ್ಲಿ ಮಾರನೇ ದಿನ ಸಂಜೆ ಐದೂವರೆವರೆಗೆ ಟೈಮಿದೆ. 'ಯುಟಿಸಿ' ಅಂತ ಇದ್ದರೆ ಮಾರನೇ ಬೆಳಗಿನ ಜಾವ ಐದೂವರೆಗೆ ಬಾಗಿಲು ಬಂದ್. ಇದನ್ನು ನೋಡದೆ ರಾತ್ರಿ ಹನ್ನೆರಡಕ್ಕೆ ತಲೆ ಮೇಲೆ ಕೈಹೊತ್ತು ಮಲಗುವವರು ಉಂಟು, ಸುಮ್ಮನೆ.

ಭಾಷಣಕ್ಕೆ ದುಡ್ಡು ಸಾಮಾನ್ಯವಾಗಿ ಸಿಗೋದಿಲ್ಲ. ಕೆಲವು ಕಡೆ ಭಾಷಣಕಾರರಿಗೆ ಪ್ರವೇಶ ಉಚಿತ. ಅಮೆರಿಕದ ಪೈಕಾನ್‌ನಲ್ಲಿ ಬಹುಕಾಲ ಭಾಷಣಕಾರರು, ಸಂಘಟಕರು ಎಲ್ಲರೂ ಟಿಕೆಟ್ ಕೊಂಡೇ ಒಳಗೆ ಬರಬೇಕು ಎಂಬ ನಿಯಮ ಇತ್ತು. ಜೊತೆಗೆ ಇಲ್ಲದವರಿಗೆ ಪ್ರಯಾಣಕ್ಕೂ ವಸತಿಗೂ ಸಹಾಯಧನದ ಏರ್ಪಾಡು. ಆ ಸಹಾಯಧನಕ್ಕೆ ಅರ್ಜಿ ಬೇರೆ, ಗಡುವೂ ಬೇರೆ ಇರುತ್ತದೆ. ಭಾಷಣದ ಅರ್ಜಿ ಹಾಕಿ ಇದನ್ನು ಮರೆತವರು ಆಯ್ಕೆಯಾದ ಮೇಲೆ ಸಾಲ ಮಾಡಬೇಕಾಗುತ್ತದೆ. ಅಂಗಡಿ ಸಾಹುಕಾರರು ಎರಡು ದಿನದ ಸಂಬಳ ಕತ್ತರಿಸದೆ ಬಸ್ ಚಾರ್ಜ್ ಕೊಟ್ಟು ಕಳಿಸಿದರೆ ಅವರ ಅಂಗಡಿ ಹೆಸರೂ ಪರದೆ ಮೇಲೆ ಬಂದೀತು. ಪೇಪರಿಗೆ ಜಾಹೀರಾತು ಕೊಡುವುದಕ್ಕಿಂತ ಅಗ್ಗ! (ಈ ಪೇಪರ್ ಬಿಟ್ಟು.)

ಆಯ್ಕೆಯಾದರೆ ಮಾಡಬೇಕಾದ್ದು ಸ್ವಲ್ಪ. ಮುಂಚೆ ಎರಡು ಮೂರು ಸಲ ಗಡಿಯಾರ ಇಟ್ಟುಕೊಂಡು ಹೇಳಿ ನೋಡಬೇಕು. ಕೇಳಲು ಯಾರೂ ಸಿಗದಿದ್ದರೆ ಗೋದಾಮಿನ ಮೂಟೆಗಳ ಮುಂದಾದರೂ ಆದೀತು. ರಾತ್ರಿ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಹೊಸೂರು ರಸ್ತೆ ಕಡೆಯ ಸಿಟಿ ಬಸ್ಸುಗಳು ನಿಮ್ಹಾನ್ಸ್ ಮುಂದೆಯೇ ಹೋಗುತ್ತವೆ. ಪ್ರಿಂಟರನ್ನು ಬಟ್ಟೆ ಸುತ್ತಿ ಚೀಲದಲ್ಲಿ ತೊಡೆ ಮೇಲೆ ಇಟ್ಟುಕೊಳ್ಳಬೇಕು, ಮೇಲಿನ ಕ್ಯಾರಿಯರಿಗೆ ಹಾಕಬಾರದು. ಕೇಬಲ್ ಮರೀಬಾರದು. ಕಾಗದದ ರೋಲ್ ಎರಡು ಜಾಸ್ತಿಯೇ ಇರಲಿ. ಭಾಷಣ ಮುಗಿದ ಮೇಲೆ ವೇದಿಕೆ ಸುತ್ತ ಸೇರುವ ಜನ 'ನಮ್ಮ ಹೆಸರನ್ನೂ ಒಂದು ಪ್ರಿಂಟ್ ತೆಗೆದು ಕೊಡಪ್ಪಾ' ಅಂತ ಕೇಳದೆ ಬಿಡೋದಿಲ್ಲ.